ಬೆಂಗಳೂರಿನ ಮನೆಗೆ ಡಬಲ್ ಹಂಗ್ ಅಲ್ಯೂಮಿನಿಯಂ ಕಿಟಕಿ: ಬಳಸಿ ಕಂಡದ್ದು

ಹನುಮಂತನಗರದ ನಮ್ಮ ಮನೆಯ ಮೊದಲ ಮಹಡಿಯನ್ನು ನವೀಕರಿಸುವಾಗ ಮಲಗುವ ಕೋಣೆಗಳಿಗೂ ಅಡುಗೆಮನೆಗೂ ಡಬಲ್ ಹಂಗ್ ಮಾದರಿಯ ಅಲ್ಯೂಮಿನಿಯಂ ಕಿಟಕಿಗಳನ್ನು ಹಾಕಿಸಿದೆವು. ಏಪ್ರಿಲ್‌ನ ಧಗೆ, ಮುಂಗಾರಿನ ಎರಚಲು, ಅಕ್ಟೋಬರ್‌ನ ರಾತ್ರಿಮಳೆ ಎಲ್ಲವನ್ನೂ ಅವು ಕಂಡಾಗಿವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಅಕ್ಕಪಕ್ಕದ ಗೋಡೆಗಳು ಒತ್ತೊತ್ತಾಗಿರುವ, ಗ್ರಿಲ್ ಮತ್ತು ಸೊಳ್ಳೆ ಜಾಲರಿ ಎರಡೂ ಬೇಕೇಬೇಕಾಗಿರುವ ಬೆಂಗಳೂರಿನ ಮನೆಗೆ ಇದು ತಕ್ಕ ಕಿಟಕಿ. ಆದರೆ ಅಂಗಡಿಯಲ್ಲಿ ತೋರಿಸುವ ಬಣ್ಣ, ಗಾಜು, ಹಿಡಿಕೆಗಳನ್ನು ನೋಡಿ ಇದನ್ನು ಕೊಳ್ಳಬಾರದು. ಪಕ್ಕದ ಚೌಕಟ್ಟಿನೊಳಗೆ ಮರೆಯಾಗಿರುವ ಬ್ಯಾಲೆನ್ಸ್ ಎಂಬ ಸ್ಪ್ರಿಂಗ್ ಯಾವುದೆಂದು ಕೇಳಿ ಕೊಳ್ಳಬೇಕು. ಕಿಟಕಿ ಹತ್ತಾರು ವರ್ಷ ಸುಖವಾಗಿ ನಡೆಯುವುದೂ ಒಂದೇ ವರ್ಷದಲ್ಲಿ ಮನೆಮಂದಿಗೆ ಬೇಸರ ತರುವುದೂ ಅದರ ಮೇಲೆ ನಿಂತಿದೆ.

ಇದರ ರಚನೆ ತಿಳಿಯದವರಿಗಾಗಿ ಎರಡು ಮಾತು. ಒಂದೇ ಚೌಕಟ್ಟಿನಲ್ಲಿ ಒಂದರ ಮೇಲೊಂದರಂತೆ ಎರಡು ಶಟರ್‌ಗಳು, ಅಂದರೆ ಗಾಜು ಕೂರಿಸಿದ ಚಲಿಸುವ ಬಾಗಿಲುಗಳು, ಇರುತ್ತವೆ. ಮೇಲಿನದು ಹೊರಗಿನ ಟ್ರ್ಯಾಕಿನಲ್ಲಿ, ಕೆಳಗಿನದು ಒಳಗಿನ ಟ್ರ್ಯಾಕಿನಲ್ಲಿ ಲಂಬವಾಗಿ ಚಲಿಸುತ್ತವೆ. ಕೆಳಗಿನದನ್ನು ಮೇಲೆತ್ತಬಹುದು, ಮೇಲಿನದನ್ನು ಕೆಳಗಿಳಿಸಬಹುದು, ಇಲ್ಲವೇ ಎರಡನ್ನೂ ಅರ್ಧರ್ಧ ಸರಿಸಿ ಮೇಲೂ ಕೆಳಗೂ ಗಾಳಿಗೆ ದಾರಿ ಬಿಡಬಹುದು. ಕೆಳಗಿನ ಶಟರ್ ಮಾತ್ರ ಚಲಿಸುವ ಸಿಂಗಲ್ ಹಂಗ್ ಮಾದರಿಯೂ ಇದೆ; ಬೆಲೆ ಕಡಿಮೆ, ಆದರೆ ಈ ಕಿಟಕಿಯ ನಿಜವಾದ ಉಪಯೋಗವೇ ಮೇಲಿನ ಶಟರ್‌ನಲ್ಲಿ ಇರುವುದರಿಂದ ಆ ಉಳಿತಾಯವನ್ನು ನಾನು ಒಪ್ಪುವುದಿಲ್ಲ.

ಈ ಉಪಯೋಗ ನಮ್ಮ ಕಡೆಯವರಿಗೆ ಹೊಸದೇನಲ್ಲ. ಹಳೆಯ ಮನೆಗಳ ಮರದ ಕಿಟಕಿಗಳಿಗೆ ಮೇಲೆರಡು, ಕೆಳಗೆರಡು ಬಾಗಿಲುಗಳಿರುತ್ತಿದ್ದವು. ಬೀದಿಯಲ್ಲಿ ಹೋಗುವವರ ಕಣ್ಣು ಒಳಗೆ ಬೀಳದಂತೆ ಕೆಳಗಿನವನ್ನು ಮುಚ್ಚಿ, ಬೆಳಕಿಗೂ ಗಾಳಿಗೂ ಮೇಲಿನವನ್ನು ತೆರೆದಿಡುತ್ತಿದ್ದರು. ಎರಡು ಮೂರು ದಶಕಗಳಿಂದ ಸ್ಲೈಡಿಂಗ್ ಕಿಟಕಿಯೇ ಎಲ್ಲೆಡೆ ತುಂಬಿಕೊಂಡ ಮೇಲೆ ಆ ಅನುಕೂಲ ಕೈತಪ್ಪಿತು. ಸ್ಲೈಡಿಂಗ್ ಕಿಟಕಿಯನ್ನು ತೆರೆದರೆ ಮೇಲಿನಿಂದ ಕೆಳಗಿನವರೆಗೂ ಒಂದು ಪಕ್ಕ ಪೂರ್ತಿ ತೆರೆದುಕೊಳ್ಳುತ್ತದೆ. ಎದುರು ಮನೆಯ ಕಿಟಕಿ ಆರೇಳು ಅಡಿ ದೂರದಲ್ಲಿದ್ದರೆ ಹಗಲೆಲ್ಲ ಪರದೆ ಎಳೆದುಕೊಂಡೇ ಇರಬೇಕು. ನಮ್ಮ ಕೋಣೆಗಳಲ್ಲಿ ಕೆಳಗಿನ ಶಟರ್‌ಗೆ ಮಸುಕು ಗಾಜನ್ನು, ಮೇಲಿನದಕ್ಕೆ ಪಾರದರ್ಶಕ ಗಾಜನ್ನು ಹಾಕಿಸಿದ್ದರಿಂದ ಪರದೆಯ ಅಗತ್ಯವೇ ಬಹುಮಟ್ಟಿಗೆ ತಪ್ಪಿದೆ.

30 ಅಡಿಗೆ 40 ಅಡಿಯ ನಿವೇಶನದಲ್ಲಿ ಪಕ್ಕದ ಖಾಲಿ ಜಾಗ ಎಷ್ಟು ಕಿರಿದೆಂಬುದು ಇಲ್ಲಿಯವರಿಗೆ ಗೊತ್ತು. ಹೊರಕ್ಕೆ ತೆರೆಯುವ ಬಾಗಿಲಿನ ಕಿಟಕಿಯಾದರೆ ಆ ಓಣಿಯಲ್ಲಿ ಓಡಾಡುವವರ ತಲೆಗೆ ತಗಲುತ್ತದೆ; ಗ್ರಿಲ್ಲನ್ನು ಒಳಗೆ ಹಾಕಬೇಕಾಗುತ್ತದೆ, ಜಾಲರಿಯನ್ನು ಅದಕ್ಕೂ ಒಳಗೆ. ಒಳಕ್ಕೆ ತೆರೆದರೆ ಮಂಚ, ಮೇಜು, ಪರದೆ ಎಲ್ಲಕ್ಕೂ ಅಡ್ಡಿ. ಡಬಲ್ ಹಂಗ್ ಕಿಟಕಿಯ ಶಟರ್ ಗೋಡೆಯ ದಪ್ಪವನ್ನು ದಾಟಿ ಯಾವ ಕಡೆಗೂ ಚಾಚುವುದಿಲ್ಲವಾದ್ದರಿಂದ ಹೊರಗೆ ಗ್ರಿಲ್, ಅದಕ್ಕೆ ತಾಗಿದಂತೆ ಜಾಲರಿ, ಅದರೊಳಗೆ ಕಿಟಕಿ ಎಂಬ ಕ್ರಮ ಸುಲಭವಾಗಿ ಕೂಡಿಬರುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಒಳ್ಳೆಯ ತಯಾರಿಕೆಯಲ್ಲಿ ಎರಡೂ ಶಟರ್‌ಗಳನ್ನು ಕೋಣೆಯ ಒಳಕ್ಕೆ ವಾಲಿಸಿ ಗಾಜಿನ ಹೊರಮೈಯನ್ನು ಒಳಗಿನಿಂದಲೇ ಒರೆಸುವ ಏರ್ಪಾಡು ಇರುತ್ತದೆ. ಮೇಲಿನ ಮಹಡಿಗಳಲ್ಲಿ ಇದು ದೊಡ್ಡ ವರ. ಆದರೆ ಗ್ರಿಲ್ ಒಳಗಡೆ ಇದ್ದರೆ ಶಟರ್ ವಾಲುವುದಿಲ್ಲ, ವರ ವ್ಯರ್ಥವಾಗುತ್ತದೆ. ಹಳೆಯ ಗ್ರಿಲ್ಲನ್ನೇ ಉಳಿಸಿಕೊಂಡು ಕಿಟಕಿ ಮಾತ್ರ ಬದಲಿಸುವವರು ಗ್ರಿಲ್ ಎಲ್ಲಿದೆ ಎಂಬುದನ್ನು ಮೊದಲು ನೋಡಿಕೊಳ್ಳಲಿ.

ಗಾಳಿಯ ವಿಷಯಕ್ಕೆ ಬರುತ್ತೇನೆ. ಬಿಸಿಗಾಳಿ ಹಗುರವಾದ್ದರಿಂದ ಚಾವಣಿಯ ಕಡೆ ಏರುತ್ತದೆ. ಮೇಲೂ ಕೆಳಗೂ ಕಿಂಡಿ ಬಿಟ್ಟರೆ ಮೇಲಿನಿಂದ ಬಿಸಿಗಾಳಿ ಹೊರಹೋಗಿ, ಆ ಜಾಗವನ್ನು ತುಂಬಲು ಕೆಳಗಿನಿಂದ ತಂಪುಗಾಳಿ ಒಳಬರುತ್ತದೆ. ಎದುರುಬದುರು ಕಿಟಕಿ ಇಲ್ಲದ, ಒಂದೇ ಗೋಡೆಗೆ ಕಿಟಕಿಯಿರುವ ಕೋಣೆಗಳಿಗೆ ಈ ಹರಿವು ಮುಖ್ಯ. ಇದರ ಬಲ ಎರಡು ಕಿಂಡಿಗಳ ನಡುವಿನ ಎತ್ತರವನ್ನೂ ಒಳಹೊರಗಿನ ಉಷ್ಣಾಂಶದ ಅಂತರವನ್ನೂ ಅವಲಂಬಿಸಿದೆ. ನಾಲ್ಕೂವರೆ ಅಡಿ ಎತ್ತರದ ಕಿಟಕಿಯಲ್ಲಿ ಎತ್ತರದ ಅಂತರ ಅಷ್ಟೇನೂ ದೊಡ್ಡದಲ್ಲ. ಮಧ್ಯಾಹ್ನ ಹೊರಗೂ ಒಳಗೂ ಒಂದೇ ಸಮ ಬಿಸಿ ಇದ್ದಾಗ ಏನೂ ಗೊತ್ತಾಗುವುದಿಲ್ಲ. ಬೆಂಗಳೂರಿನ ವಿಶೇಷವೆಂದರೆ ಸಂಜೆಯಾದ ಮೇಲೆ ಹೊರಗಿನ ಗಾಳಿ ಬೇಗ ತಣಿಯುತ್ತದೆ, ಗೋಡೆ ಮತ್ತು ತಾರಸಿ ಮಾತ್ರ ಹಗಲು ಹೀರಿದ ಬಿಸಿಯನ್ನು ರಾತ್ರಿಯೂ ಒಳಕ್ಕೆ ಬಿಡುತ್ತಿರುತ್ತವೆ. ಸುಮಾರು 920 ಮೀಟರ್ ಎತ್ತರದ ಊರಿನ ಈ ಗುಣದಿಂದಾಗಿ ರಾತ್ರಿ ಎಂಟರ ನಂತರ ಎರಡೂ ಶಟರ್‌ಗಳನ್ನು ಅರ್ಧರ್ಧ ತೆರೆದಿಟ್ಟರೆ ಕೋಣೆ ಮೊದಲಿಗಿಂತ ಬೇಗ ತಣಿಯುವುದು ನಮಗೆ ಸ್ಪಷ್ಟವಾಗಿ ತಿಳಿದುಬಂದಿದೆ. ಫ್ಯಾನ್ ಬೇಡವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಫ್ಯಾನಿನ ಜೊತೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಅಷ್ಟೆ. ಅಡುಗೆಮನೆಯಲ್ಲಂತೂ ಒಗ್ಗರಣೆಯ ಘಾಟು ಮೇಲಿನ ಕಿಂಡಿಯಿಂದಲೇ ಹೊರಟುಹೋಗುತ್ತದೆ, ಒಲೆಯ ಉರಿಗೆ ನೇರವಾಗಿ ಗಾಳಿ ಬಡಿಯುವುದಿಲ್ಲ.

ಮಳೆಗಾಲದಲ್ಲಿ ಮೇಲಿನ ಶಟರ್‌ನ ಬೆಲೆ ಇನ್ನಷ್ಟು ತಿಳಿಯುತ್ತದೆ. ಕಿಟಕಿಯ ಮೇಲೆ ಒಂದೂವರೆ ಎರಡು ಅಡಿಯ ಸಜ್ಜ ಇದ್ದರೆ ಅದರ ಅಡಿಯಲ್ಲೇ ಇರುವ ಮೇಲ್ಭಾಗಕ್ಕೆ ಎರಚಲು ತಾಕುವುದು ಕಡಿಮೆ. ಸಾಧಾರಣ ಮಳೆಯಲ್ಲಿ ಮೇಲಿನ ಶಟರನ್ನು ನಾಲ್ಕು ಬೆರಳಿನಷ್ಟು ಇಳಿಸಿಟ್ಟರೂ ಒಳಗೆ ಹನಿ ಬೀಳುವುದಿಲ್ಲ, ಕೋಣೆಗೆ ಮುಗ್ಗಲು ವಾಸನೆಯೂ ಹತ್ತುವುದಿಲ್ಲ. ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಕಿಟಕಿಯ ನೆತ್ತಿಗೆ ಮರದ ಪಟ್ಟಿಗಳ ಮಂಕಿ ಟಾಪ್ ಕಟ್ಟುತ್ತಿದ್ದುದು ಬಿಸಿಲು ಮಳೆಗಳನ್ನು ಹೀಗೆ ತಡೆಯುವುದಕ್ಕೇ. ಇತ್ತೀಚಿನ ಕೆಲವು ವಿನ್ಯಾಸಕಾರರು ಚೊಕ್ಕ ನೋಟಕ್ಕಾಗಿ ಸಜ್ಜವನ್ನೇ ಕೈಬಿಡುತ್ತಿದ್ದಾರೆ. ಅಂಥ ಗೋಡೆಗೆ ಯಾವ ಕಿಟಕಿ ಹಾಕಿದರೂ ಸುಖವಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನು ಬ್ಯಾಲೆನ್ಸ್. ಲಂಬವಾಗಿ ಚಲಿಸುವ ಶಟರ್ ಬಿಟ್ಟ ಜಾಗದಲ್ಲಿ ನಿಲ್ಲಬೇಕಾದರೆ ಅದರ ತೂಕವನ್ನು ಇನ್ನೊಂದು ಬಲ ಹೊರಬೇಕು. ಇಂಗ್ಲೆಂಡಿನಲ್ಲಿ 17ನೇ ಶತಮಾನದಿಂದ ಬಳಕೆಗೆ ಬಂದ ಮರದ ಕಿಟಕಿಗಳಲ್ಲಿ ಈ ಕೆಲಸವನ್ನು ಪಕ್ಕದ ಪೆಟ್ಟಿಗೆಯೊಳಗೆ ಹಗ್ಗದಲ್ಲಿ ತೂಗುಬಿಟ್ಟ ಲೋಹದ ಗುಂಡುಗಳು ಮಾಡುತ್ತಿದ್ದವು. ಬಾವಿಯ ರಾಟೆಗೆ ಎರಡೂ ಕಡೆ ಕೊಡ ಕಟ್ಟಿದಂತೆ ಒಂದು ಏರಿದರೆ ಇನ್ನೊಂದು ಇಳಿಯುತ್ತಿತ್ತು. ಇಂದಿನ ಅಲ್ಯೂಮಿನಿಯಂ ಕಿಟಕಿಯಲ್ಲಿ ಗುಂಡಿನ ಬದಲು ಸ್ಪ್ರಿಂಗ್ ಇದೆ. ಕೊಳವೆಯೊಳಗೆ ತಿರುಚಿಕೊಳ್ಳುವ ಸುರುಳಿ ಸ್ಪ್ರಿಂಗ್ ಒಂದು ಬಗೆ, ಸ್ಪ್ರಿಂಗಿನ ಜೊತೆ ದಾರ ಮತ್ತು ಸಣ್ಣ ರಾಟೆಗಳಿರುವುದು ಇನ್ನೊಂದು ಬಗೆ, ಅಳತೆ ಟೇಪಿನಂತೆ ಸುತ್ತಿಕೊಳ್ಳುವ ಉಕ್ಕಿನ ಪಟ್ಟಿಯದು ಮತ್ತೊಂದು. ಮೂರರಲ್ಲಿ ಯಾವುದಾದರೂ ಸರಿ, ಅದು ಶಟರ್‌ನ ತೂಕಕ್ಕೆ ಹೊಂದಿರಬೇಕು.

ತೂಕದ ಲೆಕ್ಕ ಕಷ್ಟವೇನಲ್ಲ. ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ 2.5 ಕೆ.ಜಿ. ತೂಗುತ್ತದೆ. ಮೂರು ಅಡಿ ಅಗಲ, ಎರಡು ಅಡಿ ಎತ್ತರದ ಶಟರ್‌ಗೆ 5 ಮಿ.ಮೀ. ಗಾಜು ಹಾಕಿದರೆ ಗಾಜಿನ ತೂಕ ಸುಮಾರು 7 ಕೆ.ಜಿ. ಅದೇ ಶಟರ್‌ಗೆ ನಡುವೆ ಗಾಳಿಯ ಪದರವಿರುವ ಎರಡು ಗಾಜುಗಳ ಜೋಡಣೆಯನ್ನು ಹಾಕಿದರೆ 14 ಕೆ.ಜಿ. ಚೌಕಟ್ಟಿನ ತೂಕ ಬೇರೆ. ನಮ್ಮ ಮನೆಯಲ್ಲಿ ರಸ್ತೆಯ ಕಡೆಯ ಕೋಣೆಗೆ ಮಾತ್ರ ಜೋಡಿ ಗಾಜು ಹೇಳಿದ್ದೆವು. ಕಿಟಕಿ ಮಾಡಿಕೊಟ್ಟವರು ಎಲ್ಲ ಕಿಟಕಿಗಳಿಗೂ ಒಂದೇ ಅಳತೆಯ ಬ್ಯಾಲೆನ್ಸ್ ತರಿಸಿದ್ದರು. ಅದರಿಂದಾಗಿ ಆ ಕೋಣೆಯ ಕೆಳಗಿನ ಶಟರ್ ಎತ್ತಿ ಬಿಟ್ಟರೆ ತಾನಾಗಿ ಕೆಳಗಿಳಿಯುತ್ತಿತ್ತು, ಮೇಲಿನದು ಚಿಲಕ ತೆಗೆದ ಕೂಡಲೇ ಜಾರುತ್ತಿತ್ತು. ಮಕ್ಕಳ ಬೆರಳು ಸಿಕ್ಕಿಕೊಂಡರೆ ಗತಿಯೇನು ಎಂದು ಹೆದರಿ ಹೊಸ ಬ್ಯಾಲೆನ್ಸ್ ಬರುವವರೆಗೂ ಆ ಕಿಟಕಿಯನ್ನು ಮುಚ್ಚಿಯೇ ಇಟ್ಟಿದ್ದೆವು. ಪಟ್ಟುಹಿಡಿದು ಕೇಳಿದ ಮೇಲೆ ತಕ್ಕ ಅಳತೆಯವನ್ನು ತರಿಸಿ ಹಾಕಿಕೊಟ್ಟರು; ಈಗ ಶಟರ್ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ, ನಮ್ಮ ಚಿಕ್ಕ ಮಗಳೂ ಒಂದೇ ಕೈಯಲ್ಲಿ ಎತ್ತುತ್ತಾಳೆ. ಈ ಊರಿನ ತಯಾರಕರಲ್ಲಿ ಹೆಚ್ಚಿನವರ ಕೈ ಪಳಗಿರುವುದು ಸ್ಲೈಡಿಂಗ್ ಕಿಟಕಿಯಲ್ಲಿ. ಅಲ್ಲಿ ತೂಕವನ್ನು ಕೆಳಗಿನ ರೋಲರ್ ಹೊರುತ್ತದೆ, ಗಾಜಿನ ದಪ್ಪ ಬದಲಾದರೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಆ ಅಭ್ಯಾಸವನ್ನೇ ಇಲ್ಲಿಗೂ ತಂದರೆ ಹೀಗಾಗುತ್ತದೆ. ಆದ್ದರಿಂದ ಮುಂಗಡ ಕೊಡುವ ಮೊದಲು ಪ್ರತಿ ಕಿಟಕಿಯ ಶಟರ್ ತೂಕವೆಷ್ಟು, ಅದಕ್ಕೆ ಹಾಕುವ ಬ್ಯಾಲೆನ್ಸ್ ಎಷ್ಟು ತೂಕ ಹೊರುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಉತ್ತರಿಸಲು ತಡವರಿಸುವವರಿಂದ ಈ ಕಿಟಕಿ ಮಾಡಿಸುವುದು ಬೇಡ.

ಅಲ್ಯೂಮಿನಿಯಂ ಬಗ್ಗೆ ಎರಡು ತೆರನ ಮಾತು ಕೇಳಿಬರುತ್ತದೆ. ಗೆದ್ದಲು ಹತ್ತುವುದಿಲ್ಲ, ಮಳೆಯಲ್ಲಿ ಉಬ್ಬುವುದಿಲ್ಲ, ತುಕ್ಕು ಹಿಡಿಯುವುದಿಲ್ಲ ಎನ್ನುವುದು ಒಂದು. ಬಿಸಿಲಿನ ಬಿಸಿಯನ್ನು ಒಳಗೆ ತರುತ್ತದೆ ಎನ್ನುವುದು ಇನ್ನೊಂದು. ಎರಡೂ ನಿಜ. ಈ ಲೋಹ ಮರಕ್ಕಿಂತ ಸಾವಿರ ಪಟ್ಟಿನಷ್ಟು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಚಳಿ ದೇಶಗಳಲ್ಲಿ ಇದೇ ಕಾರಣಕ್ಕೆ ಒಳ ಮತ್ತು ಹೊರ ಚೌಕಟ್ಟುಗಳ ನಡುವೆ ಪಾಲಿಅಮೈಡ್ ಎಂಬ ಪ್ಲಾಸ್ಟಿಕ್ಕಿನ ಪಟ್ಟಿ ಸೇರಿಸಿ ಶಾಖದ ದಾರಿಯನ್ನು ಕಡಿಯುತ್ತಾರೆ. ಬೆಂಗಳೂರಿಗೆ ಅದು ಬೇಕೆ ಎಂದು ನನ್ನನ್ನು ಕೇಳಿದರೆ, ಬೇಡ. ನಮ್ಮಲ್ಲಿ ಚಳಿಗಾಲದ ರಾತ್ರಿಯೂ ಚೌಕಟ್ಟಿನ ಒಳಮೈ ಬೆವರುವಷ್ಟು ತಣ್ಣಗಾಗುವುದಿಲ್ಲ. ಬೇಸಿಗೆಯಲ್ಲಿ ಒಳಬರುವ ಬಿಸಿಯ ಬಹುಪಾಲು ಗಾಜಿನ ಮೂಲಕ ಬರುವ ಬಿಸಿಲಿನದು. 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ದಾಖಲಾದಂಥ ದಿನಗಳಲ್ಲೂ ಸಜ್ಜದ ನೆರಳಿರುವ ಕಿಟಕಿಗೂ ಇಲ್ಲದ ಕಿಟಕಿಗೂ ಇರುವ ಅಂತರವೇ ಚೌಕಟ್ಟಿನ ಅಂತರಕ್ಕಿಂತ ದೊಡ್ಡದು. ಪಾಲಿಅಮೈಡ್ ಪಟ್ಟಿಗೆ ಕೊಡುವ ಹಣವನ್ನು ಪಶ್ಚಿಮ ಗೋಡೆಯ ಕಿಟಕಿಗೆ ಬಿಸಿಲು ತಡೆಯುವ ಗಾಜು ಹಾಕಿಸಲು, ಸಜ್ಜವಿಲ್ಲದಿದ್ದರೆ ಸಜ್ಜ ಮಾಡಿಸಲು ಬಳಸುವುದು ಲೇಸು.

ಕಿಟಕಿ ಸೆಕ್ಷನ್‌ಗಳಿಗೆ, ಅಂದರೆ ಚೌಕಟ್ಟಿನ ಪಟ್ಟಿಗಳಿಗೆ, ಸಾಮಾನ್ಯವಾಗಿ ಬಳಸುವುದು 6063 ಎಂಬ ಅಲ್ಯೂಮಿನಿಯಂ ಮಿಶ್ರಲೋಹ. ಪೌಡರ್ ಕೋಟಿಂಗ್ ಎಂಬ ಬಣ್ಣದ ಲೇಪ 60ರಿಂದ 80 ಮೈಕ್ರಾನ್ ದಪ್ಪ ಇದ್ದರೆ ಸಾಕು. ಸ್ಕ್ರೂಗಳು ಮಾತ್ರ ಸ್ಟೇನ್‌ಲೆಸ್ ಸ್ಟೀಲಿನವೇ ಆಗಿರಬೇಕು, ಸಾದಾ ಕಬ್ಬಿಣದ ಸ್ಕ್ರೂ ಹಾಕಿದರೆ ಒದ್ದೆಯಾದಾಗ ಅದರ ತುಕ್ಕು ಇಳಿದು ಚೌಕಟ್ಟು ಕಲೆಯಾಗುತ್ತದೆ. ಮೂಲೆಗಳನ್ನು 45 ಡಿಗ್ರಿಗೆ ಕತ್ತರಿಸಿ ಒಳಗೆ ಕ್ಲೀಟ್ ಎಂಬ ಲೋಹದ ಮೂಲೆತುಂಡು ಕೂರಿಸಿ ಬಿಗಿದಿದ್ದಾರೆಯೇ ಎಂದು ನೋಡಿ. ಬರಿಯ ಸ್ಕ್ರೂ ಹೊಡೆದು ಸಿಲಿಕೋನ್ ಬಳಿದ ಮೂಲೆ ಕ್ರಮೇಣ ಬಾಯಿಬಿಡುತ್ತದೆ.

ಕೂರಿಸುವ ಕೆಲಸವನ್ನು ಮನೆಯವರೇ ಎದುರು ನಿಂತು ನೋಡಬೇಕು. ಗಾರೆಯವರು ಗಿಲಾವು ಮುಗಿಸಿ, ಗ್ರಾನೈಟ್ ಸಿಲ್ ಕೂರಿಸಿದ ಮೇಲೆಯೇ ಅಳತೆ ತೆಗೆಯಬೇಕು. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಹಿಡಿಯಬೇಕು, ಕರ್ಣಗಳೆರಡನ್ನೂ ಹೋಲಿಸಬೇಕು. ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ ಮೈಯನ್ನು ತಿನ್ನುತ್ತದೆ, ಒಮ್ಮೆ ಬಿದ್ದ ಕಲೆ ಹೋಗುವುದಿಲ್ಲ. ಆದ್ದರಿಂದ ಬಣ್ಣದ ಕೆಲಸ ಮುಗಿಯುವವರೆಗೂ ರಕ್ಷಣೆಯ ಟೇಪನ್ನು ಕೀಳಲು ಬಿಡಬೇಡಿ. ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಯನ್ನು ತುಂಬಲು ಬಳಸುವ ಫೋಮ್ ಅತಿಯಾದರೆ ಉಬ್ಬಿ ಪಕ್ಕದ ಚೌಕಟ್ಟನ್ನು ಒಳಕ್ಕೆ ಬಾಗಿಸುತ್ತದೆ. ಸ್ಲೈಡಿಂಗ್ ಕಿಟಕಿಯಲ್ಲಿ ಇದು ಅಷ್ಟಾಗಿ ಬಾಧಿಸದು. ಡಬಲ್ ಹಂಗ್ ಕಿಟಕಿಯಲ್ಲಿ ಶಟರ್ ಓಡುವುದೇ ಆ ಪಕ್ಕದ ಚೌಕಟ್ಟಿನಲ್ಲಾದ್ದರಿಂದ ಒಂದೆರಡು ಮಿಲಿಮೀಟರ್ ಬಾಗಿದರೂ ನಡುವೆ ಬಿಗಿಯುತ್ತದೆ. ಬಿಸಿಲಿಗೆ ಹಿಗ್ಗುವುದಕ್ಕೂ ಜಾಗ ಬೇಕು: ಒಂದೂವರೆ ಮೀಟರ್ ಉದ್ದದ ಚೌಕಟ್ಟು 30 ಡಿಗ್ರಿ ಬಿಸಿಯೇರಿದರೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ತೂಗುಗುಂಡು, ರಸಮಟ್ಟ ಎರಡನ್ನೂ ಹಿಡಿದು ನೋಡಿ, ಶಟರ್‌ಗಳನ್ನು ಮೇಲೆ ಕೆಳಗೆ ಓಡಿಸಿ, ಆಮೇಲೆ ಸಿಲಿಕೋನ್ ಹಾಕಲು ಹೇಳಿ.

ದೂಳಿನ ವಿಷಯದಲ್ಲಿ ನನಗೆ ಪೂರ್ಣ ಸಮಾಧಾನವಿದೆ. ಮೂರು ಟ್ರ್ಯಾಕಿನ ಸ್ಲೈಡಿಂಗ್ ಕಿಟಕಿಯ ಕೆಳಗಿನ ಕಾಲುವೆಗಳಲ್ಲಿ ದೂಳು, ಕೂದಲು, ಸತ್ತ ಹುಳುಗಳು ಸೇರಿ, ಮಳೆನೀರು ಹೊರಹೋಗುವ ತೂತುಗಳು ಕಟ್ಟಿಕೊಂಡು ನೀರು ಒಳಕ್ಕೆ ಉಕ್ಕುವುದನ್ನು ಅನೇಕರು ಅನುಭವಿಸಿರುತ್ತಾರೆ. ಇಲ್ಲಿ ಟ್ರ್ಯಾಕುಗಳು ಲಂಬವಾಗಿರುವುದರಿಂದ ದೂಳು ನಿಲ್ಲುವ ಜಾಗವೇ ಕಡಿಮೆ. ಕೆಳಗಿನ ಪಟ್ಟಿ ಹೊರಕ್ಕೆ ಇಳಿಜಾರಾಗಿರುತ್ತದೆ. ಮೇಲಿನ ಶಟರ್ ಹೊರಗಿನ ಟ್ರ್ಯಾಕಿನಲ್ಲಿ ಇರುವುದರಿಂದ ಅದರ ಗಾಜಿನ ಮೇಲೆ ಹರಿದ ನೀರು ಕೆಳಗಿನ ಶಟರ್‌ನ ಹೊರಮೈ ಮೇಲೆಯೇ ಬೀಳುತ್ತದೆ. ಮುಂಗಾರುಪೂರ್ವದ ಬಿರುಗಾಳಿ ಪಶ್ಚಿಮದಿಂದ ರಭಸವಾಗಿ ಹೊಡೆದಾಗ ಎರಡು ಶಟರ್‌ಗಳು ಕೂಡುವ ನಡುಪಟ್ಟಿಯ ಒಂದು ತುದಿಯಲ್ಲಿ ಕೆಲವು ಹನಿಗಳು ಒಳಬಂದದ್ದುಂಟು. ಅಲ್ಲಿನ ಸಂದಿ ಮುಚ್ಚುವ, ನಯವಾದ ಕೂದಲಿನಂಥ ವುಲ್ ಪೈಲ್ ಪಟ್ಟಿ ಗಿಡ್ಡವಾಗಿತ್ತು; ಬದಲಿಸಿದ ಮೇಲೆ ನಿಂತಿತು.

ಕೊರತೆಗಳೂ ಇವೆ. ಮೇಲಿನ ಶಟರನ್ನು ಇಳಿಸಲು ಕೈ ಎತ್ತರಕ್ಕೆ ಚಾಚಬೇಕು. ಅಡುಗೆಮನೆಯಲ್ಲಿ ಎರಡು ಅಡಿ ಅಗಲದ ಕಟ್ಟೆಯ ಆಚೆ ಕಿಟಕಿ ಇರುವುದರಿಂದ ನಮ್ಮ ಅತ್ತೆಯವರಿಗೆ ಅದು ಎಟುಕುವುದಿಲ್ಲ. ತುದಿಗೆ ಕೊಕ್ಕೆಯಿರುವ ಕೋಲೊಂದನ್ನು ಮಾಡಿಸಿಕೊಂಡಿದ್ದೇವೆ. ಹಿರಿಯರು ಹೆಚ್ಚಾಗಿ ಬಳಸುವ ಕೋಣೆಗೆ ಈ ಮಾದರಿಯನ್ನು ಆರಿಸುವ ಮೊದಲು ಅವರನ್ನೇ ಅಂಗಡಿಗೆ ಕರೆದೊಯ್ದು ಕೈಯಲ್ಲಿ ಎಳೆದು ನೋಡಲು ಹೇಳುವುದು ಒಳ್ಳೆಯದು. ಶಬ್ದದ ತಡೆಯಲ್ಲೂ ಇದು ಮೊದಲ ದರ್ಜೆಯದಲ್ಲ. ಬಾಗಿಲಿನಂತೆ ತೆರೆಯುವ ಕಿಟಕಿಯಲ್ಲಿ ಚಿಲಕ ಹಾಕಿದಾಗ ರಬ್ಬರ್ ಗ್ಯಾಸ್ಕೆಟ್ ಒತ್ತಿ ಮುಚ್ಚುತ್ತದೆ. ಜಾರುವ ಶಟರ್‌ಗೆ ಒತ್ತುವ ಅವಕಾಶವಿಲ್ಲದೆ ನಯವಾದ ಕೂದಲಿನಂಥ ಪಟ್ಟಿಯನ್ನೇ ನೆಚ್ಚಬೇಕು, ಅದರ ಸಂದಿಯಿಂದ ಹಾರ್ನ್ ಸದ್ದು ನುಸುಳುತ್ತದೆ. ಒಳರಸ್ತೆಯ ನಮ್ಮ ಮನೆಗೆ ಇದು ತೊಂದರೆಯಾಗಿಲ್ಲ. ಮೈಸೂರು ರಸ್ತೆಗೋ ಹೊರವರ್ತುಲ ರಸ್ತೆಗೋ ಮುಖಮಾಡಿದ ಕೋಣೆಗೆ ನಾನು ಇದನ್ನು ಶಿಫಾರಸು ಮಾಡಲಾರೆ. ಅಗಲವೇ ಹೆಚ್ಚಿರುವ ಜಾಗಕ್ಕೂ ಇದು ಹೊಂದುವುದಿಲ್ಲ. ಎರಡೂವರೆಯಿಂದ ಮೂರು ಅಡಿ ಅಗಲ, ನಾಲ್ಕರಿಂದ ಐದು ಅಡಿ ಎತ್ತರ ಇದಕ್ಕೆ ಹೇಳಿ ಮಾಡಿಸಿದ ಅಳತೆ. ಆರು ಅಡಿ ಅಗಲದ ಹಜಾರದ ಕಿಟಕಿಗೆ ನಡುಗಂಬ ಕೊಟ್ಟು ಎರಡು ಕಿಟಕಿಗಳನ್ನು ಜೋಡಿಸಬೇಕಾಗುತ್ತದೆ, ಖರ್ಚು ಅದಕ್ಕೆ ತಕ್ಕಂತೆ ಏರುತ್ತದೆ.

ಬೆಲೆ ಮೂರು ಟ್ರ್ಯಾಕಿನ ಸ್ಲೈಡಿಂಗ್ ಕಿಟಕಿಗಿಂತ ಗಮನಾರ್ಹವಾಗಿ ಹೆಚ್ಚು. ಹೆಚ್ಚುವರಿ ಹಣದ ಬಹುಪಾಲು ಹೋಗುವುದು ಬ್ಯಾಲೆನ್ಸ್ ಮತ್ತು ವಾಲಿಸುವ ಕೀಲುಗಳಿಗೆ. ಚದರಡಿಯ ದರ ಹೇಳುವಾಗ ಕೆಲವರು ಜಾಲರಿ, ಕೂರಿಸುವ ಕೂಲಿ, ಸಾರುವೆ, 18 ಶೇಕಡಾ ಜಿಎಸ್‌ಟಿ ಇವನ್ನು ಬಿಟ್ಟು ಹೇಳುತ್ತಾರೆ, ಆದ್ದರಿಂದ ಎಲ್ಲ ಸೇರಿಸಿದ ಮೊತ್ತವನ್ನೇ ಹೋಲಿಸಿ. ಗಾಜಿಗೆ, ಬಣ್ಣದ ಲೇಪಕ್ಕೆ, ಬ್ಯಾಲೆನ್ಸಿಗೆ ವಾರಂಟಿ ಬೇರೆ ಬೇರೆ ಇರುತ್ತದೆ; ಮೂರನ್ನೂ ಪ್ರತ್ಯೇಕವಾಗಿ ಬರೆಸಿಕೊಳ್ಳಿ. ಸ್ಲೈಡಿಂಗ್ ಕಿಟಕಿಯ ರೋಲರ್ ಎಸ್.ಪಿ. ರಸ್ತೆಯಲ್ಲಿ ಅಥವಾ ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವಂತೆ ಈ ಬ್ಯಾಲೆನ್ಸ್ ಕೇಳಿದಾಗಲೆಲ್ಲ ಸಿಗುವುದಿಲ್ಲ, ತರಿಸಿಕೊಡಲು ವಾರಗಟ್ಟಲೆ ಹಿಡಿಯುತ್ತದೆ. ನಮ್ಮ ಬಿಲ್ಲಿನಲ್ಲಿ ಪ್ರತಿ ಕಿಟಕಿಯ ಬ್ಯಾಲೆನ್ಸಿನ ಅಳತೆ ಮತ್ತು ಸಂಖ್ಯೆಯನ್ನು ಬರೆಸಿಕೊಂಡಿದ್ದೇವೆ, ಸಾದಾ ಗಾಜಿನ ಶಟರ್‌ಗೆ ಒಂದು ಜೊತೆ ಮತ್ತು ಜೋಡಿ ಗಾಜಿನದಕ್ಕೆ ಒಂದು ಜೊತೆ ಹೆಚ್ಚುವರಿಯಾಗಿ ಕೊಂಡು ಇಟ್ಟುಕೊಂಡಿದ್ದೇವೆ.